ಮನೆಯಂಗಳದ ವೆಲ್ಡಿಂಗ್ ಯಂತ್ರ: ಭಾರವಾಹನಗಳ ದುರಸ್ತಿಗೆ ಸರಿಯಾದ ಆಯ್ಕೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)

ಪೀಠಿಕೆ

ಕಬ್ಬು, ಜಲ್ಲಿ, ಇಟ್ಟಿಗೆ ಹೊರುವ ಟ್ರ್ಯಾಕ್ಟರ್ ಟ್ರೇಲರ್‌ಗಳು, ಟಿಪ್ಪರ್ ಲಾರಿಗಳು, ನೀರಿನ ಟ್ಯಾಂಕರ್‌ಗಳು ಇಂದು ಬಹುತೇಕ ಗ್ರಾಮಗಳಲ್ಲಿವೆ. ಇವುಗಳ ಡಾಲಾ ಹರಿದರೆ ಅಥವಾ ಅಡ್ಡಪಟ್ಟಿ ಬಿರುಕು ಬಿಟ್ಟರೆ ವಾಹನವು ಮೊದಲು ಬಂದು ನಿಲ್ಲುವುದು ಊರಿನ ಕುಲುಮೆಯ ಮುಂದೆ. ಆದಕಾರಣ ಅನೇಕ ಕಮ್ಮಾರರೂ ಯುವಕರೂ ಮನೆಯ ಪಕ್ಕದಲ್ಲಿಯೇ ವೆಲ್ಡಿಂಗ್ ಯಂತ್ರವಿರಿಸಿಕೊಳ್ಳಲು ಬಯಸುತ್ತಾರೆ.

2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಈ ಯೋಜನೆಯಲ್ಲಿ ಉಪಕರಣಗಳಿಗಾಗಿ ರೂ. 15,000ದವರೆಗೆ ಪ್ರೋತ್ಸಾಹಧನವೂ, ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಾಗಿ ರೂ. 1 ಲಕ್ಷ, ಎರಡನೆಯ ಕಂತಾಗಿ ರೂ. 2 ಲಕ್ಷದವರೆಗೆ ಸಾಲವೂ ದೊರೆಯುತ್ತದೆ. ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲಿಯೇ. "ಮೆಂಬರೇ, ಯಾವ ಮೆಷಿನ್ ತಗೊಂಡ್ರೆ ಒಳ್ಳೇದು?" ಎಂಬ ಪ್ರಶ್ನೆ ಸದಸ್ಯರಿಗೆ ಎದುರಾಗುವುದು ಸಹಜ. ತಪ್ಪು ಯಂತ್ರ ಕೊಂಡರೆ ಸಾಲ ಉಳಿಯುತ್ತದೆ. ತಪ್ಪು ಬೆಸುಗೆ ಹಾಕಿದರೆ ಜೀವ ಹೋಗುತ್ತದೆ. ಈ ಎರಡನ್ನೂ ತಪ್ಪಿಸುವಷ್ಟು ತಿಳಿವಳಿಕೆ ನೀಡುವುದು ಈ ಪಾಠದ ಉದ್ದೇಶ.

1. ಮೊದಲು ಉಕ್ಕಿನ ದಪ್ಪವನ್ನು ನೋಡಬೇಕು

ಯಂತ್ರದ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗಿರುವ 200, 250, 300 ಆಂಪಿಯರ್ ಎಂಬ ಸಂಖ್ಯೆಯನ್ನು ನೋಡಿ ಖರೀದಿಸುವುದು ಸಾಮಾನ್ಯವಾದ ತಪ್ಪು. ಆಯ್ಕೆಯು ಬೆಸೆಯಬೇಕಾದ ಉಕ್ಕಿನಿಂದ ಆರಂಭವಾಗಬೇಕು. 3 ಮಿ.ಮೀ. ಆಸುಪಾಸಿನ ತಗಡಿಗೆ 2.5 ಮಿ.ಮೀ. ರಾಡು ಸಾಕು, ಅದು ಸುಮಾರು 60ರಿಂದ 90 ಆಂಪಿಯರ್ ಬೇಡುತ್ತದೆ. 5ರಿಂದ 8 ಮಿ.ಮೀ. ದಪ್ಪದ ಚಾನೆಲ್ ಮತ್ತು ಪಟ್ಟಿಗಳಿಗೆ 3.15 ಮಿ.ಮೀ. ರಾಡು ಬೇಕು, ಅದಕ್ಕೆ 90ರಿಂದ 130 ಆಂಪಿಯರ್ ಅಗತ್ಯ. ಅದಕ್ಕೂ ದಪ್ಪನೆಯ ಭಾಗಗಳಿಗೆ ಬಳಸುವ 4 ಮಿ.ಮೀ. ರಾಡು 140ರಿಂದ 180 ಆಂಪಿಯರ್ ಬೇಡುತ್ತದೆ.

ದಪ್ಪ ಉಕ್ಕನ್ನು ಒಂದೇ ಬಾರಿಗೆ ಬೆಸೆಯಬೇಕಾಗಿಲ್ಲ. ಅಂಚುಗಳನ್ನು ಗ್ರೈಂಡರ್‌ನಿಂದ 'ವಿ' ಆಕಾರಕ್ಕೆ ಉಜ್ಜಿ, ಒಂದರ ಮೇಲೊಂದರಂತೆ ಎರಡು ಮೂರು ಸಾಲು ಹಾಕಿದರೆ 3.15 ಮಿ.ಮೀ. ರಾಡಿನಿಂದಲೇ 10 ಮಿ.ಮೀ. ಪಟ್ಟಿಯನ್ನೂ ಗಟ್ಟಿಯಾಗಿ ಬೆಸೆಯಬಹುದು. ಆದ್ದರಿಂದ ಗ್ರಾಮದ ಬಹುಪಾಲು ಕೆಲಸಗಳಿಗೆ ನಿಜವಾದ 200 ಆಂಪಿಯರ್ ನೀಡಬಲ್ಲ ಯಂತ್ರ ಸಾಕಾಗುತ್ತದೆ.

2. ಮನೆಯ ವಿದ್ಯುತ್ ಎಷ್ಟು ಹೊರಬಲ್ಲದು?

3.15 ಮಿ.ಮೀ. ರಾಡು 120 ಆಂಪಿಯರ್‌ನಲ್ಲಿ ಉರಿಯುವಾಗ ಕಿಡಿಯ ಬಳಿ ಸುಮಾರು 25 ವೋಲ್ಟ್ ಇರುತ್ತದೆ. ಇವೆರಡನ್ನೂ ಗುಣಿಸಿದರೆ 3,000 ವ್ಯಾಟ್. ಯಂತ್ರದೊಳಗಿನ ನಷ್ಟವನ್ನು ಸೇರಿಸಿದರೆ ಮನೆಯ ಮಾರ್ಗದಿಂದ ಸುಮಾರು 3.5ರಿಂದ 4 ಕಿಲೋವ್ಯಾಟ್ ಎಳೆಯಬೇಕಾಗುತ್ತದೆ. 4 ಮಿ.ಮೀ. ರಾಡಾದರೆ ಇದು 5 ಕಿಲೋವ್ಯಾಟ್ ದಾಟುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಹೊರೆ 1 ಅಥವಾ 2 ಕಿಲೋವ್ಯಾಟ್ ಎಂದಿರುವ ಮನೆಯಲ್ಲಿ ಈ ಯಂತ್ರವನ್ನು ಚಾಲನೆ ಮಾಡಿದರೆ ತಂತಿ ಕಾಯುತ್ತದೆ, ನೆರೆಮನೆಗಳ ದೀಪ ಮಂಕಾಗುತ್ತದೆ, ವೋಲ್ಟೇಜ್ ಕುಸಿದು ಬೆಸುಗೆಯೂ ಒಳಗಿಳಿಯದೆ ಮೇಲೆಯೇ ನಿಲ್ಲುತ್ತದೆ. ಹೊರನೋಟಕ್ಕೆ ಅಂದವಾಗಿ ಕಾಣುವ ಇಂತಹ ಬೆಸುಗೆಯೇ ಹೊರೆ ಬಿದ್ದಾಗ ಮೊದಲು ಕಳಚುತ್ತದೆ.

ಆದುದರಿಂದ ಯಂತ್ರ ಖರೀದಿಸುವ ಮೊದಲು ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗಕ್ಕೆ ಅರ್ಜಿ ಸಲ್ಲಿಸಿ ಹೊರೆಯನ್ನು ಹೆಚ್ಚಿಸಿಕೊಳ್ಳತಕ್ಕದ್ದು. ಬಾಡಿಗೆ ಕೆಲಸ ಮಾಡುವವರು ಆ ಉದ್ದೇಶಕ್ಕೆ ತಕ್ಕ ಸಂಪರ್ಕವನ್ನೇ ಪಡೆಯಬೇಕು. ಮಂಜೂರಾದ ಉದ್ದೇಶವನ್ನು ಬಿಟ್ಟು ಬೇರೆ ಉದ್ದೇಶಕ್ಕೆ ವಿದ್ಯುತ್ ಬಳಸುವುದು 2003ರ ವಿದ್ಯುಚ್ಛಕ್ತಿ ಅಧಿನಿಯಮದ 126ನೇ ಪ್ರಕರಣದಡಿ ಅನಧಿಕೃತ ಬಳಕೆಯಾಗುತ್ತದೆ. ಪಂಪ್‌ಸೆಟ್ ಸಂಪರ್ಕದಿಂದ ವೆಲ್ಡಿಂಗ್ ಮಾಡುವವರಿಗೂ ಇದು ಅನ್ವಯಿಸುತ್ತದೆ.

3. ಡ್ಯೂಟಿ ಸೈಕಲ್ ಎಂದರೇನು?

ಯಂತ್ರದ ಹಿಂಬದಿಯ ಫಲಕದಲ್ಲಿ ಸಣ್ಣಕ್ಷರದಲ್ಲಿ ಒಂದು ಶೇಕಡಾವಾರು ಸಂಖ್ಯೆ ಇರುತ್ತದೆ. ಇದನ್ನು 10 ನಿಮಿಷಗಳ ಲೆಕ್ಕದಲ್ಲಿ ಓದಬೇಕು. 200 ಆಂಪಿಯರ್‌ನಲ್ಲಿ ಶೇ. 60 ಎಂದಿದ್ದರೆ ಯಂತ್ರವು 6 ನಿಮಿಷ ಬೆಸೆದು 4 ನಿಮಿಷ ತಣಿಯಬೇಕು. ಶೇ. 20 ಎಂದಿದ್ದರೆ 2 ನಿಮಿಷ ಕೆಲಸ, 8 ನಿಮಿಷ ವಿಶ್ರಾಂತಿ. ಗೇಟು, ಕಿಟಕಿ ಮಾಡುವವರಿಗೆ ಇದು ಸಾಲಬಹುದು. ಟ್ರೇಲರ್ ತಳಕ್ಕೆ ಮಾರುದ್ದದ ಬೆಸುಗೆ ಹಾಕುವವರಿಗೆ ಸಾಲದು. 300 ಎಂದು ಬರೆದುಕೊಂಡ ಅಗ್ಗದ ಯಂತ್ರಕ್ಕಿಂತ ಶೇ. 60ರ ಡ್ಯೂಟಿ ಸೈಕಲ್ ಇರುವ 200 ಆಂಪಿಯರ್ ಯಂತ್ರ ಈ ಕೆಲಸಕ್ಕೆ ಮೇಲು.

4. ಯಾವ ಬಗೆಯ ಯಂತ್ರ?

ಟ್ರಾನ್ಸ್‌ಫಾರ್ಮರ್ ಮಾದರಿಯ ಯಂತ್ರವು ಭಾರವಾದದ್ದು, ಹೆಚ್ಚು ವಿದ್ಯುತ್ ಎಳೆಯುವಂಥದ್ದು. ಆದರೆ ತಾಮ್ರದ ಸುರುಳಿಯದ್ದಾದರೆ ಬಹುಕಾಲ ಬಾಳುತ್ತದೆ, ಹತ್ತಿರದ ಪಟ್ಟಣದಲ್ಲಿಯೇ ದುರಸ್ತಿಯಾಗುತ್ತದೆ. ಇನ್ವರ್ಟರ್ ಮಾದರಿಯದ್ದು ಹಗುರ, ಅಷ್ಟೇ ಕೆಲಸಕ್ಕೆ ಕಡಿಮೆ ವಿದ್ಯುತ್ ಸಾಕು, ನೇರ ವಿದ್ಯುತ್ ನೀಡುವುದರಿಂದ ಬೆಸುಗೆ ಸ್ಥಿರವಾಗಿರುತ್ತದೆ. ಗ್ರೈಂಡರ್‌ನ ಕಬ್ಬಿಣದ ಧೂಳು ಒಳಗೆ ಸೇರಿದರೆ ಅದು ಬೇಗನೆ ಕೆಡುತ್ತದೆ. ಅನಿಲ ಬಳಸುವ ಮಿಗ್ ಯಂತ್ರವು ವೇಗವಾಗಿ ಕೆಲಸ ಮಾಡುವುದಾದರೂ ಬಯಲಿನ ಗಾಳಿಗೆ ಅನಿಲದ ಹೊದಿಕೆ ಚದುರಿ ಬೆಸುಗೆಯಲ್ಲಿ ರಂಧ್ರಗಳಾಗುತ್ತವೆ. ಸಿಂಗಲ್ ಫೇಸ್ ಮನೆ, ತೆರೆದ ಅಂಗಳ, ದಪ್ಪ ಉಕ್ಕು ಎಂಬ ಮೂರೂ ಕೂಡಿದಲ್ಲಿ ರಾಡು ಬಳಸುವ ಇನ್ವರ್ಟರ್ ಯಂತ್ರವೇ ಸೂಕ್ತ.

5. ರಾಡು ಮತ್ತು ಪೂರ್ವಸಿದ್ಧತೆ

ಸಾಮಾನ್ಯ ಕೆಲಸಕ್ಕೆ 6013 ರಾಡು ನಡೆಯುತ್ತದೆ. ಹೊರೆ ಹೊರುವ ದಪ್ಪ ಭಾಗಗಳಿಗೆ 7018 ರಾಡು ಉತ್ತಮ. ಆದರೆ ಇದನ್ನು ತೇವ ತಗುಲದಂತೆ ಇಡಬೇಕು. ಮಳೆಗಾಲದಲ್ಲಿ ತೆರೆದಿಟ್ಟ ರಾಡಿನ ತೇವಾಂಶವು ಬೆಸುಗೆಯೊಳಗೆ ಸೇರಿ, ಕಣ್ಣಿಗೆ ಕಾಣದ ಬಿರುಕಿಗೆ ಕಾರಣವಾಗುತ್ತದೆ. ಖರೀದಿಸುವಾಗ ಪೊಟ್ಟಣದ ಮೇಲೆ ಐಎಸ್ 814 ಗುರುತನ್ನು ಗಮನಿಸಬೇಕು. ಬೆಸೆಯುವ ಮೊದಲು ಬಣ್ಣ, ತುಕ್ಕು, ಗ್ರೀಸನ್ನು ಪೂರ್ಣವಾಗಿ ಉಜ್ಜಿ ತೆಗೆಯಬೇಕು. ಬಿರುಕಿನ ಎರಡೂ ತುದಿಗಳಲ್ಲಿ ಸಣ್ಣ ರಂಧ್ರ ಕೊರೆದರೆ ಅದು ಮುಂದೆ ಹರಿಯುವುದಿಲ್ಲ. ವಾಹನದ ಬ್ಯಾಟರಿ ಸಂಪರ್ಕ ಕಳಚಿ, ಅರ್ಥ್ ಕ್ಲಾಂಪನ್ನು ಬೆಸುಗೆಯ ಸಮೀಪದಲ್ಲಿಯೇ ಹಾಕಬೇಕು. ಇಲ್ಲವಾದರೆ ವಿದ್ಯುತ್ ಬೇರಿಂಗ್‌ಗಳ ಮೂಲಕ ಹರಿದು ಅವುಗಳನ್ನು ಸುಡಬಹುದು.

6. ಮನೆಯಲ್ಲಿ ಹಾಕಬಾರದ ಬೆಸುಗೆ

ಒಳ್ಳೆಯ ಯಂತ್ರವಿದ್ದ ಮಾತ್ರಕ್ಕೆ ಎಲ್ಲವನ್ನೂ ಬೆಸೆಯಬಾರದು. ಲಾರಿಯ ಚಾಸಿಸ್ ಉದ್ದಪಟ್ಟಿಗೆ ತಯಾರಕರ ಸೂಚನೆಯಿಲ್ಲದೆ ಬೆಸುಗೆ ಹಾಕಿದರೆ ಪಕ್ಕದ ಉಕ್ಕು ಶಾಖದಿಂದ ದುರ್ಬಲಗೊಂಡು ಅಲ್ಲಿಯೇ ಮುರಿಯಬಹುದು. ಕಮಾನು ಪಟ್ಟಿ, ಆಕ್ಸಲ್, ಸ್ಟೀರಿಂಗ್ ಭಾಗಗಳನ್ನು ಬೆಸೆಯದೆ ಬದಲಾಯಿಸತಕ್ಕದ್ದು. ಟ್ರ್ಯಾಕ್ಟರಿಗೆ ಟ್ರೇಲರನ್ನು ಜೋಡಿಸುವ ಕೊಂಡಿ ಸವೆದಿದ್ದರೆ ಹೊಸದನ್ನೇ ಹಾಕಿಸಬೇಕು. ಏಕೆಂದರೆ ಇಳಿಜಾರಿನಲ್ಲಿ ಅದು ಕಳಚಿದರೆ ತಡೆಯುವ ಉಪಾಯವಿಲ್ಲ. ಡೀಸೆಲ್ ತುಂಬಿದ್ದ ಪೀಪಾಯಿ ಮತ್ತು ಶೌಚಗುಂಡಿ ತ್ಯಾಜ್ಯ ಸಾಗಿಸುವ ಟ್ಯಾಂಕುಗಳು ಖಾಲಿಯಾಗಿ ಕಂಡರೂ ಒಳಗೆ ಹೊತ್ತಿಕೊಳ್ಳುವ ಆವಿ ಅಥವಾ ಅನಿಲವಿರುತ್ತದೆ. ಒಂದೇ ಕಿಡಿಗೆ ಸ್ಫೋಟಿಸಬಹುದು.

7. ಸದಸ್ಯರ ಪಾತ್ರ

ಅರ್ಜಿ ಪರಿಶೀಲನೆಯ ದಿನ ಕಸುಬುದಾರರ ಮನೆಗೆ ಭೇಟಿ ನೀಡಿ, ಅವರು ಬೆಸೆಯುವ ಉಕ್ಕಿನ ದಪ್ಪವೆಷ್ಟು, ಮನೆಯ ಮಂಜೂರಾದ ಹೊರೆ ಎಷ್ಟು, ಯಂತ್ರದ ಡ್ಯೂಟಿ ಸೈಕಲ್ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಸದಸ್ಯರು ಕೇಳಬೇಕು. ಸಾಲದ ಹಣವೆಲ್ಲ ಯಂತ್ರಕ್ಕೇ ಮುಗಿಯದೆ ಮುಖಕವಚ, ಚರ್ಮದ ಕೈಗವಸು, ಗ್ರೈಂಡರ್, ಸರಿಯಾದ ಅರ್ಥಿಂಗ್‌ಗೂ ಪಾಲು ಉಳಿಯುವಂತೆ ಸಲಹೆ ನೀಡಬೇಕು. ಕೌಶಲ ಕಡಿಮೆಯಿರುವ ಯುವಕರನ್ನು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಕಳುಹಿಸಬೇಕು. ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಬೆಸುಗೆ ಗಟ್ಟಿಯಾಗುವುದು ಪಳಗಿದ ಕೈಯಿಂದಲೇ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮನೆಯಿಂದ ವೆಲ್ಡಿಂಗ್ ಮಾಡುವವರು ಎಷ್ಟು ಮಂದಿ? ಅವರ ವಿದ್ಯುತ್ ಸಂಪರ್ಕ ಯಾವ ಬಗೆಯದು?
2. ಪಂಚಾಯಿತಿಯ ಕಸ ಸಾಗಣೆ ವಾಹನ ಮತ್ತು ನೀರಿನ ಟ್ಯಾಂಕರ್‌ಗೆ ಹಿಂದೆ ಹಾಕಿದ ಬೆಸುಗೆಗಳನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?
3. ಕೂಲಿಕಾರರು ಹತ್ತಿ ಹೋಗುವ ಟ್ರೇಲರ್‌ಗಳ ಕೊಂಡಿಯನ್ನು ಹಂಗಾಮಿಗೆ ಮುನ್ನ ಪರಿಶೀಲಿಸುವಂತೆ ಮಾಲೀಕರಿಗೆ ತಿಳಿಸುವ ಬಗೆ ಹೇಗೆ?