ಹಾಲುಹಲ್ಲಿನ ಕುದುರೆಯೂ ಓಟದ ದೂರವೂ



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರು ನೋಡಿರಬಹುದು. ಹೋರಿಯ ಬೆಲೆ ಕೇಳುವ ಮೊದಲು ರೈತನು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ್ದು. ಹಾಲುಹಲ್ಲಿನ ಕರುವನ್ನು ತುಂಬಿದ ಗಾಡಿಗೆ ಹೂಡುವವನನ್ನು ನಮ್ಮ ಬಾಶೆಟ್ಟಿಹಳ್ಳಿಯ ಸುತ್ತಮುತ್ತ ಯಾರೂ ಒಳ್ಳೆಯ ಬೇಸಾಯಗಾರನೆನ್ನುವುದಿಲ್ಲ. ಈ ಹಲ್ಲಿನ ಲೆಕ್ಕಕ್ಕೂ ಪ್ರವಾದಿ(ಸ)ಯವರ ಒಂದು ಹದೀಸಿಗೂ ಸಂಬಂಧವಿದೆ. ನನಗೆ ಅದು ಹೊಳೆದದ್ದು ತಡವಾಗಿ, ಅದೂ ಒಬ್ಬ ಹುಡುಗನ ಪ್ರಶ್ನೆಯಿಂದ.

ಮದ್ರಸಾದಲ್ಲಿ ನನ್ನ ಬಳಿ ಓದಿದ ಆ ಹುಡುಗ ಈಗ ದೂರದ ಒಂದು ನಗರದಲ್ಲಿ, ರೇಸಿನ ಕುದುರೆಗಳ ಲಾಯದಲ್ಲಿ ಸೈಸ್. ರಜೆಯಲ್ಲಿ ಊರಿಗೆ ಬಂದವನು ಅಸರ್ ನಮಾಝಿನ ನಂತರ ಕೇಳಿದ: “ಹಜ್ರತ್, ನಾನು ನೋಡಿಕೊಳ್ಳುವ ಹೆಣ್ಣು ಮರಿಗೆ ಇನ್ನೂ ಎರಡು ವರ್ಷ. ಮುಂಗಾಲಿನ ಎಲುಬು ಮುಟ್ಟಿದರೆ ಬಿಸಿ, ಒತ್ತಿದರೆ ಕಾಲೆಳೆದುಕೊಳ್ಳುತ್ತದೆ. ಪಂದ್ಯ ಹತ್ತಿರವಿದೆ, ಬಾಯಿ ಮುಚ್ಚಿಕೊಂಡಿರು ಅಂತಾರೆ. ಏನು ಮಾಡಲಿ?”

ನಾನು ಯೋಚಿಸದೆ ಹೇಳಿಬಿಟ್ಟೆ: “ರೇಸು ಎಂದರೆ ಜೂಜು, ಜೂಜು ಹರಾಮ್. ಕೆಲಸ ಬಿಟ್ಟು ಬಾ.” ಅವನು ತಲೆ ತಗ್ಗಿಸಿ ಹೊರಟುಹೋದ.

ಜೂಜಿನ ಬಗ್ಗೆ ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕುದುರೆ ಪಂದ್ಯವು ಕೌಶಲದ ಆಟವೆಂದು 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಅಷ್ಟರಿಂದಲೇ ನೋಡುಗರು ಕಟ್ಟುವ ಬಾಜಿ ಶರೀಅತ್ತಿನಲ್ಲಿ ಹಲಾಲ್ ಆಗದು. ಆದರೆ ಹುಡುಗ ಕೇಳಿದ್ದು ಬಾಜಿಯ ಬಗ್ಗೆಯಲ್ಲ, ಮರಿಯ ಕಾಲಿನ ಬಗ್ಗೆ. ಆ ರಾತ್ರಿ ಕಿತಾಬು ತೆರೆದೆ.

ಪ್ರವಾದಿ(ಸ)ಯವರು ಕುದುರೆ ಓಟವನ್ನು ತಡೆಯಲಿಲ್ಲ, ತಾವೇ ನಡೆಸಿದರು. ಹ. ಇಬ್ನು ಉಮರ್(ರ)ರ ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಆ ಓಟದಲ್ಲಿ ಅವರೂ ಒಬ್ಬ ಸವಾರರು. ಕ್ರಮವಾಗಿ ಪಳಗಿಸಿ ಮೈ ಹುರಿಗೊಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಐದಾರು ಮೈಲು. ಹಾಗೆ ಸಿದ್ಧಗೊಳಿಸದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಒಂದೇ ಮೈಲು. ಅಬೂದಾವೂದಿನಲ್ಲಿ ಅವರದೇ ಇನ್ನೊಂದು ವರದಿಯಿದೆ: ಪ್ರವಾದಿ(ಸ) ಓಟ ಏರ್ಪಡಿಸಿದಾಗ ‘ಕುರ್ರಹ್’ ಕುದುರೆಗಳಿಗೆ ಹೆಚ್ಚಿನ ದೂರವನ್ನು ಗೊತ್ತುಪಡಿಸಿದರು. ಐದನೆಯ ವರ್ಷಕ್ಕೆ ಕಾಲಿಟ್ಟು ಹಲ್ಲು ಪೂರ್ತಿ ಬಂದ ಕುದುರೆಗೆ ಅರಬರು ಇಟ್ಟ ಹೆಸರದು. ನಮ್ಮ ರೈತನ ಮಾತಿನಲ್ಲಿ, ಬಾಯಿಗೂಡಿದ್ದು! ಮದ್ರಸಾದಲ್ಲಿ ಈ ಪದದ ಅರ್ಥವನ್ನು ಬಾಯಿಪಾಠ ಮಾಡಿ ದಾಟಿಹೋಗಿದ್ದೆ.

ಇಂದಿನ ರೇಸಿನ ಲೆಕ್ಕ ಬೇರೆ. ನಮ್ಮ ದೇಶದಲ್ಲಿ ರೇಸಿನ ಕುದುರೆ ಯಾವಾಗ ಹುಟ್ಟಿದರೂ ಅದರ ವಯಸ್ಸು ಏರುವುದು ಜನವರಿ 1ಕ್ಕೆ. ಏಪ್ರಿಲ್ ನಡುವಿನಲ್ಲಿ ಹುಟ್ಟಿದ ಮರಿಗೆ ಕಾಗದದ ಮೇಲೆ ಎರಡು ತುಂಬಿದ ದಿನ ನಿಜವಾಗಿ 21 ತಿಂಗಳೂ ಆಗಿರುವುದಿಲ್ಲ. ಅಷ್ಟರಲ್ಲಿ ಜೀನು, ಸವಾರ ಎರಡೂ ಬೆನ್ನೇರಿರುತ್ತವೆ. ಎರಡು ವರ್ಷದವುಗಳಿಗೆಂದೇ ಪಂದ್ಯಗಳಿವೆ. ಕುದುರೆಯ ಮುಂದಿನ ಹಾಲುಹಲ್ಲು ಬೀಳಲಾರಂಭಿಸುವುದು ಎರಡೂವರೆ ವರ್ಷದ ಸುಮಾರಿಗೆ. ಬಾಯಿ ಕೂಡುವುದು ನಾಲ್ಕೂವರೆ, ಐದಕ್ಕೆ. ಮುಂಗಾಲಿನ ಮಂಡಿಯ ಮೇಲೆ ಎಲುಬು ಬೆಳೆಯುವ ಮೆದು ಪಟ್ಟಿಯು ಗಟ್ಟಿಯಾಗುವುದು ಎರಡು, ಎರಡೂವರೆ ವರ್ಷಕ್ಕೆ. ಬೆನ್ನೆಲುಬಿಗೆ ಐದು ವರ್ಷವೂ ಸಾಲದು.

ಹಾಗೆಂದು ಮರಿಯನ್ನು ಕಟ್ಟಿಹಾಕಿ ಬೆಳೆಸಬೇಕೆಂದು ತಿಳಿಯಬೇಡಿ. ಎಳೆಯ ಎಲುಬಿಗೆ ಹದವಾದ ಓಟದಿಂದ ಬಲ ಬರುತ್ತದೆಂದು ಪಶುವೈದ್ಯ ಶಾಸ್ತ್ರವೇ ಹೇಳುತ್ತದೆ. ಕೇಡು ಇರುವುದು ಆತುರದಲ್ಲಿ. ಕೊಂಡ ಹಣ ಬೇಗ ಹಿಂದಿರುಗಬೇಕು, ಪಂದ್ಯದ ತಾರೀಕು ಕಾಯುವುದಿಲ್ಲ. ಪೂರ್ಣ ವೇಗದಲ್ಲಿ ಮತ್ತೆ ಮತ್ತೆ ಓಡಿಸಿದಾಗ ಮಂಡಿಯ ಕೆಳಗಿನ ಎಲುಬಿನ ಮುಂಬದಿ ನೊಂದು, ಬಿಸಿಯಾಗಿ ಊದಿಕೊಳ್ಳುತ್ತದೆ. ಹೊಸದಾಗಿ ತರಬೇತಿಗೆ ಬಂದ ಎರಡು ವರ್ಷದ ಮರಿಗಳಲ್ಲಿ ಇದು ಸಾಮಾನ್ಯ. ವಿಶ್ರಾಂತಿ ಕೊಟ್ಟರೆ ಗುಣವಾಗುತ್ತದೆ, ಓಡಿಸಿದರೆ ಕೆಲವಕ್ಕೆ ಎಲುಬೇ ಬಿರುಕು ಬಿಡುತ್ತದೆ. ನಮ್ಮ ಹುಡುಗನ ಕೈಗೆ ತಾಗಿದ ಬಿಸಿ ಅದೇ ಇರಬೇಕು.

ಓಟದಲ್ಲಿ ಹಿಂದಿನಿಂದ ಕೂಗಿ ಗದರಿಸಿ ಕುದುರೆಯನ್ನು ದಬ್ಬುವುದಕ್ಕೆ ‘ಜಲಬ್’ ಎನ್ನುತ್ತಾರೆ. ಅದಕ್ಕೆ ಅವಕಾಶವಿಲ್ಲವೆಂದು ಹ. ಇಮ್ರಾನ್ ಬಿನ್ ಹುಸೈನ್(ರ)ರ ವರದಿಯಲ್ಲಿದೆ. ಕೂಗಿಗೇ ಹೀಗಾದರೆ ಚಾಟಿಯ ಮಾತೇನು? ನಾರ್ವೆ ದೇಶವು ವೇಗಕ್ಕಾಗಿ ಚಾಟಿ ಬೀಸುವುದನ್ನು 1982ರಲ್ಲೇ ನಿಷೇಧಿಸಿತು. ನಮ್ಮಲ್ಲಿಯೂ ಗಾಯಗೊಂಡ, ಅಶಕ್ತ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ.

ಅನ್ಸಾರಿಯೊಬ್ಬರ ತೋಟದಲ್ಲಿ ಪ್ರವಾದಿ(ಸ)ಯವರನ್ನು ಕಂಡು ಕಣ್ಣೀರಿಟ್ಟ ಒಂಟೆಯ ಘಟನೆ ನಿಮಗೆ ತಿಳಿದಿರಬಹುದು. ಪ್ರವಾದಿ(ಸ) ಅದರ ತಲೆ ನೇವರಿಸಿ, ಒಡೆಯನನ್ನು ಕರೆಸಿ, ನೀನು ಇದನ್ನು ಹಸಿವಿನಲ್ಲಿಟ್ಟು ದಣಿಸುತ್ತಿರುವೆಯೆಂದು ವಿಚಾರಿಸಿದರು. ಒಂಟೆ ಅವನ ಸ್ವಂತದ್ದು, ಕಾನೂನುಬದ್ಧ ಸೊತ್ತು. ಆದರೂ ಲೆಕ್ಕ ಕೇಳಲಾಯಿತು.

ಮರುದಿನ ಫಜರ್ ನಂತರ ಹುಡುಗನ ಮನೆಗೆ ನಾನೇ ಹೋದೆ. ಅವನ ತಾಯಿ ಚಹಾ ಇಟ್ಟರು. “ನಿನ್ನ ಸಂಬಳದ ವಿಷಯ ಮುಫ್ತಿ ಸಾಹೇಬರ ಬಳಿ ಬೇರೆಯಾಗಿ ಕೇಳೋಣ. ನಿನ್ನೆ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ, ತಪ್ಪಾಯಿತು. ಮರಿ ನಿನ್ನ ಕೈಯಲ್ಲಿರುವವರೆಗೆ ಅಮಾನತ್. ಕಾಲು ಬಿಸಿಯಿರುವುದು ಮೊದಲು ತಿಳಿಯುವುದು ಡಾಕ್ಟರಿಗಲ್ಲ, ನಿನಗೆ. ಡಾಕ್ಟರಿಗೆ ಹೇಳು” ಎಂದೆ. “ಕೆಲಸ ಹೋದರೆ?” ಎಂದು ಅವನ ತಾಯಿ ಕೇಳಿದರು. ಹೋಗುವುದಿಲ್ಲವೆಂದು ಭರವಸೆ ಕೊಡಲು ನನ್ನಿಂದಾಗಲಿಲ್ಲ.

ಅವನು ಹೇಳಿದ. ಡಾಕ್ಟರು ಮರಿಗೆ ಮೂರು ತಿಂಗಳ ವಿಶ್ರಾಂತಿ ಬರೆದರಂತೆ. ಕೆಲಸ ಉಳಿದಿದೆ, ಆದರೆ ಮರಿಯನ್ನು ಅವನಿಂದ ತೆಗೆದು ಬೇರೆ ಸೈಸ್‌ಗೆ ಒಪ್ಪಿಸಿದ್ದಾರೆ. ಬೆಳಿಗ್ಗೆ ಹುಲ್ಲು ತರಲು ಆ ಕಡೆ ಹೋದಾಗಲೆಲ್ಲ ಅದರ ಕಾಲು ಮುಟ್ಟಿ ನೋಡಿ ಬರುತ್ತಾನೆ. ಈಗ ತಣ್ಣಗಿದೆಯಂತೆ.