ಕಾಲು ಕೊಡಿ ಅಕ್ಕಾ

ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಸದಸ್ಯೆಯಾಗಿ ಬಹಳ ವರ್ಷಗಳಿಂದ ಬಡವರ ಮನೆಗಳಿಗೆ ಹೋಗಿಬರುತ್ತಿದ್ದೇನೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರ ಜೊತೆ ಈ ಸಭೆ ಕಟ್ಟಿದಾಗ ಫ್ರೆಡೆರಿಕ್ ಓಜಾನಾಂಗೆ ಬರೀ 20 ವರ್ಷ. ಬಡವರನ್ನು ಕರೆಸಿಕೊಂಡು ಕೊಡುವುದಲ್ಲ, ನಾವೇ ಅವರ ಮನೆಗೆ ಹೋಗಿ ಕೂತು ಮಾತಾಡಬೇಕು ಎನ್ನುವುದು ಅಂದಿನಿಂದ ಬಂದ ಪದ್ಧತಿ. ನಾನು ಹೋಗುತ್ತಿದ್ದೆ, ಕೂರುತ್ತಿರಲಿಲ್ಲ. ಅಕ್ಕಿ, ಬೇಳೆ, ಎಣ್ಣೆ ಪ್ಯಾಕೆಟ್ ಕೊಟ್ಟು ಹೊಸಿಲಲ್ಲೇ ಒಂದು ಪ್ರಾರ್ಥನೆ ಹೇಳಿ ಹೊರಡುವುದು. ಕಾಫಿ ಅಂದರೆ, ‘ಈಗಷ್ಟೇ ಕುಡಿದು ಬಂದೆ’. ಅವರಿಗೆ ಹೊರೆಯಾಗಬಾರದು ಎಂಬ ಕಾಳಜಿ ಅದರಲ್ಲಿ ಇದ್ದದ್ದು ನಿಜ. ಆದರೆ ಅದರ ಅಡಿಯಲ್ಲಿ ಇನ್ನೊಂದೂ ಇತ್ತು: ನನಗೆ ಯಾರ ಹಂಗೂ ಇಲ್ಲ ಎಂಬ ನೆಮ್ಮದಿ.

ಪವಿತ್ರ ಗುರುವಾರ ಪಾದ ತೊಳೆಯುವ ವಿಧಿಗೆ ಮೊದಲೆಲ್ಲ ಗಂಡಸರನ್ನಷ್ಟೇ ಆರಿಸಬೇಕೆಂಬ ನಿಯಮವಿತ್ತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬದಲಿಸಿದ ಮೇಲೆ ನಮ್ಮ ಧರ್ಮಕೇಂದ್ರದಲ್ಲೂ ಹೆಂಗಸರನ್ನು ಕೂರಿಸಿದರು. ನನ್ನನ್ನು ಕೇಳಿದಾಗ, ‘ಬೇರೆ ಯಾರನ್ನಾದರೂ ಕೂರಿಸಿ ಫಾದರ್’ ಎಂದೆ. ಎಂಥ ವಿನಯ ಎಂದು ಎಲ್ಲರೂ ಹೊಗಳಿದರು. ನಾನೂ ನಂಬಿದೆ.

ಆಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದರೆ ಬಗ್ಗುವ ಹಾಗಿಲ್ಲ. ನಾನು ಅಕ್ಕಿ ಕೊಡುತ್ತಿದ್ದ ಮನೆಯ ಹೆಂಗಸೊಬ್ಬಳು ಒಂದು ದಿನ ಪಾತ್ರೆಯಲ್ಲಿ ಗಂಜಿ ತಂದಳು. ಹೊದಿಕೆಯಿಂದ ಹೊರಗಿದ್ದ ನನ್ನ ಪಾದ ನೋಡಿದಳು: ಹಿಮ್ಮಡಿ ಒಡೆದು ಕಪ್ಪಾಗಿತ್ತು, ಉಗುರು ಬೆಳೆದು ಸುರುಳಿಯಾಗಿತ್ತು. ಬಿಸಿನೀರಿನ ಬೇಸಿನ್ ಇಟ್ಟುಕೊಂಡು ನೆಲದ ಮೇಲೆ ಕೂತಳು. ಬೇಡ ಬೇಡ ಎಂದು ಕಾಲೆಳೆದುಕೊಂಡೆ. ಅವಳು ತಲೆಯೆತ್ತಿ ಕೇಳಿದಳು: “ನೀವು ಅಕ್ಕಿ ತಂದಾಗ ನಾನು ಬ್ಯಾಡ ಅಂದಿದ್ನಾ ಅಕ್ಕಾ? ಕಾಲು ಕೊಡಿ.”

ಯೊವಾನ್ನರ ಶುಭಸಂದೇಶದಲ್ಲಿ ಯೇಸುಸ್ವಾಮಿ ಶಿಷ್ಯರ ಪಾದ ತೊಳೆಯುವಾಗ ಪೇತ್ರ ಕಾಲು ಕೊಡಲು ಒಪ್ಪದ ಭಾಗವನ್ನು ಎಷ್ಟೋ ಸಲ ಕೇಳಿದ್ದೆ. ಗುರುವಿನ ಮೇಲಿನ ಗೌರವದಿಂದ ಹಾಗೆಂದ ಎಂದುಕೊಂಡಿದ್ದೆ. ಗೌರವವಷ್ಟೇ ಆಗಿದ್ದರೆ ಯೇಸುಸ್ವಾಮಿ ಅಷ್ಟು ಕಟುವಾಗಿ, ತೊಳೆಸಿಕೊಳ್ಳದಿದ್ದರೆ ನನ್ನೊಡನೆ ನಿನಗೆ ಪಾಲೇ ಇಲ್ಲ ಎನ್ನುತ್ತಿರಲಿಲ್ಲ. ತೊಳೆಯುವುದಕ್ಕೆ ದೀನತೆ ಬೇಕು ಎಂದು ನಾವು ಸಾಕಷ್ಟು ಪ್ರಸಂಗ ಕೇಳಿದ್ದೇವೆ. ತೊಳೆಸಿಕೊಳ್ಳುವುದಕ್ಕೆ ಅದಕ್ಕಿಂತ ಹೆಚ್ಚು ಬೇಕು ಎಂದು ನನಗೆ ಹಾಸಿಗೆಯಲ್ಲಿ ತಿಳಿಯಿತು. ಬಗ್ಗಿ ಸೇವೆ ಮಾಡುವಾಗಲೂ ಕೊಡುವ ಕೈ ನನ್ನದೇ ಆಗಿರುತ್ತದೆ. ಪಡೆಯುವಾಗ ನನ್ನ ಹತ್ತಿರ ಏನೂ ಇರುವುದಿಲ್ಲ, ದೇವರ ಮುಂದೆ ನಿಜಕ್ಕೂ ಇರುವ ಹಾಗೆ.

ಈಗ ಭೇಟಿಗೆ ಹೋದರೆ ಚಾಪೆ ಹಾಸಿದಲ್ಲಿ ಕೂರುತ್ತೇನೆ, ಕೊಟ್ಟಿದ್ದು ಕುಡಿಯುತ್ತೇನೆ. ಪ್ರಾರ್ಥನೆಯನ್ನು ಆ ಮನೆಯವರಿಂದಲೇ ಹೇಳಿಸುತ್ತೇನೆ. ನನ್ನ ಮಗನ ಕೆಲಸದ ಚಿಂತೆ ಹೇಳಿಕೊಂಡು, ಅವನಿಗಾಗಿ ಒಂದು ಜಪಸರ ಹೇಳಿ ಎಂದು ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಹೋದಾಗ ಅವರೇ ಮೊದಲು ಕೇಳುತ್ತಾರೆ, “ಮಗಂಗೆ ಏನಾಯ್ತಕ್ಕ?”