ಪೆರೋಲ್, ಫರ್ಲೋ ಮತ್ತು ಅವಧಿಪೂರ್ವ ಬಿಡುಗಡೆ

ಕಾರಾಗೃಹವು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಗೆ ಸೇರಿದ ವಿಷಯವಾದುದರಿಂದ, ಬಂದಿಗಳ ತಾತ್ಕಾಲಿಕ ಬಿಡುಗಡೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿರುವುವು. ಆಪ್ತರ ಮರಣ, ಮಕ್ಕಳ ವಿವಾಹ, ಗಂಭೀರ ವ್ಯಾಧಿ ಮೊದಲಾದ ನಿರ್ದಿಷ್ಟ ಕಾರಣಕ್ಕೆ ದೊರೆಯುವುದು ಪೆರೋಲ್. ದೀರ್ಘಶಿಕ್ಷೆಯ ಕೆಲವು ವರ್ಷಗಳನ್ನು ಸನ್ನಡತೆಯಿಂದ ಕಳೆದವನಿಗೆ, ವಿಶೇಷ ಕಾರಣವನ್ನು ಕೇಳದೆ, ಕುಟುಂಬಬಾಂಧವ್ಯವು ಕಡಿದುಹೋಗದಿರಲೆಂದು ಕೊಡುವುದು ಫರ್ಲೋ. ಫರ್ಲೋ ದಿನಗಳು ಶಿಕ್ಷಾವಧಿಯಲ್ಲಿ ಸೇರುವುವು, ಪೆರೋಲಿನ ದಿನಗಳು ಸಾಮಾನ್ಯವಾಗಿ ಸೇರವು. ಅಭ್ಯರ್ಥಿಗಳು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವುದು ಇಲ್ಲಿಯೇ. ಇವೆರಡರಲ್ಲಿ ಯಾವುದೂ ಬಂದಿಯ ನಿರಪೇಕ್ಷ ಹಕ್ಕಲ್ಲ.

ಜೀವಾವಧಿ ಶಿಕ್ಷೆಯೆಂದರೆ ಹದಿನಾಲ್ಕು ವರ್ಷವೆಂಬ ಜನಜನಿತವಾದ ನಂಬಿಕೆಯು, ಎಷ್ಟೇ ಬೇರೂರಿದ್ದರೂ, ನಿರಾಧಾರವಾದುದು: ಅದು ಬಂದಿಯ ಶೇಷಾಯುಷ್ಯವೆಲ್ಲವನ್ನೂ ವ್ಯಾಪಿಸುವುದೆಂದು ಸರ್ವೋಚ್ಚ ನ್ಯಾಯಾಲಯವು 1961ರ ಗೋಪಾಲ ವಿನಾಯಕ ಗೋಡ್ಸೆ ಪ್ರಕರಣದಲ್ಲಿಯೇ ನಿರ್ಣಯಿಸಿತು. ಹದಿನಾಲ್ಕೆಂಬ ಸಂಖ್ಯೆಯು ಬಂದುದು ಬೇರೆಡೆಯಿಂದ. ಮರಣದಂಡನೆಗೂ ಅರ್ಹವಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಪಡೆದವನು ಕನಿಷ್ಠ 14 ವರ್ಷ ಸೆರೆವಾಸ ಅನುಭವಿಸದ ಹೊರತು ಸರ್ಕಾರವು ಶಿಕ್ಷೆಯನ್ನು ಮಾಫಿ ಮಾಡಿ ಬಿಡುವಂತಿಲ್ಲವೆಂದು ದಂಡ ಪ್ರಕ್ರಿಯಾ ಸಂಹಿತೆಯ 433ಎ ಪ್ರಕರಣವು ವಿಧಿಸಿದ್ದಿತು; 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೆಯ ಪ್ರಕರಣ. ರಾಷ್ಟ್ರಪತಿಗೆ 72ನೆಯ, ರಾಜ್ಯಪಾಲರಿಗೆ 161ನೆಯ ಅನುಚ್ಛೇದಗಳು ನೀಡಿರುವ ಕ್ಷಮಾದಾನಾಧಿಕಾರಕ್ಕೆ ಮಾತ್ರ ಈ ನಿರ್ಬಂಧವಿಲ್ಲ.

ಮಾಫಿ ಮಾಡಬೇಕಾದುದು ಶಿಕ್ಷೆ ವಿಧಿಸಿದ ನ್ಯಾಯಾಲಯವಿರುವ ರಾಜ್ಯವೇ ಹೊರತು ಅಪರಾಧ ನಡೆದ ರಾಜ್ಯವಲ್ಲ. ಈ ಕಾರಣದಿಂದಲೇ, ಬಿಲ್ಕಿಸ್ ಬಾನೊ ಪ್ರಕರಣದಲ್ಲಿ ಬೇರೊಂದು ರಾಜ್ಯದ ನ್ಯಾಯಾಲಯವು ಶಿಕ್ಷೆ ವಿಧಿಸಿದ್ದ 11 ಅಪರಾಧಿಗಳಿಗೆ ಗುಜರಾತ್ ಸರ್ಕಾರವು ನೀಡಿದ್ದ ಬಿಡುಗಡೆಯು 2024ರ ಜನವರಿ 8ರಂದು ರದ್ದಾಯಿತು.